ಕೆನ್ನೆಯೂ ಕತ್ತಿಯೂ: ಕ್ರೈಸ್ತರ ಅಹಿಂಸಾವಿಚಾರವನ್ನು ಕುರಿತು ಒಂದು ವಿಮರ್ಶೆ

ಕರ್ಜಗಿಯಲ್ಲಿ ಶ್ರಾವಣಮಾಸದ ಪ್ರವಚನ ಮುಗಿದ ಒಂದು ರಾತ್ರಿ, ಎದ್ದು ಹೋಗುತ್ತಿದ್ದ ಜನರ ನಡುವಿನಿಂದ ತರುಣ ಒಕ್ಕಲಿಗನೊಬ್ಬನು ಬಂದು ಕೇಳಿದ ಪ್ರಶ್ನೆಯೇ ಈ ಲೇಖನಕ್ಕೆ ಮೂಲ. ಅಂದಿನ ಪ್ರವಚನದಲ್ಲಿ ಪ್ರಸಂಗವಶಾತ್ ಯೇಸುಕ್ರಿಸ್ತನ ಮಾತು ಬಂದಿತ್ತು. ಒಂದು ಕೆನ್ನೆಗೆ ಹೊಡೆದವನಿಗೆ ಇನ್ನೊಂದು ಕೆನ್ನೆಯನ್ನು ಒಡ್ಡಬೇಕೆಂಬ ಉಪದೇಶವನ್ನು ನಾವು ಕೊಂಡಾಡಿದ್ದೆವು. ಆತನು ಕೇಳಿದ್ದಿಷ್ಟೆ: "ಬುದ್ಧೀ, ರಾತ್ರಿ ಕಣಕ್ಕೆ ಕಳ್ಳರು ಬಿದ್ದರೆ ಆ ಧರ್ಮದವರು ಏನು ಮಾಡಬೇಕ್ರೀ? ರಾಶಿ ಒಯ್ದವರಿಗೆ ಚೀಲಾನೂ ಕೊಟ್ಟು ಕಳಿಸಬೇಕೇನ್ರಿ?" ಸುತ್ತಲಿದ್ದವರು ನಕ್ಕರು. ನಾವು ಹೇಳಿದ ಉತ್ತರ ನಮಗೇ ತೃಪ್ತಿಕರವಾಗಿರಲಿಲ್ಲ. ಪ್ರಶ್ನೆ ಸರಳವಾಗಿದ್ದರೂ ಅದರ ಹಿಂದೆ ಎರಡು ಸಾವಿರ ವರ್ಷಗಳ ವಾಗ್ವಾದವಿದೆ ಎಂಬುದು ಗ್ರಂಥಗಳನ್ನು ತಿರುವಿದಂತೆ ಸ್ಪಷ್ಟವಾಯಿತು. ಕನ್ನಡಿಗರಾದ ನಾವು ಆ ವಾಗ್ವಾದದ ಒಂದು ತುದಿಯನ್ನು ಮಾತ್ರ ಹಿಡಿದುಕೊಂಡಿದ್ದೇವೆ ಎಂಬುದೂ ಮನಗಂಡಿತು.

ಕ್ರಿಸ್ತನ ಕಥೆ ಕನ್ನಡಕ್ಕೆ ಬಂದ ಬಗೆಯನ್ನು ನೆನೆದರೆ ಇದರ ಕಾರಣ ತಿಳಿಯುತ್ತದೆ. ಬಳ್ಳಾರಿಯಲ್ಲಿದ್ದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸರ ಶ್ರಮದಿಂದ ೧೮೩೧ರ ಹೊತ್ತಿಗೆ ಪೂರ್ಣ ಬೈಬಲ್ಲು ಕನ್ನಡದಲ್ಲಿ ದೊರೆಯಿತು. ಬಾಸೆಲ್ ಮಿಷನ್ನಿನ ಪಂಡಿತರು ಅನಂತರ ಭಾಷೆಯನ್ನು ತಿದ್ದಿದರು. ನಿಘಂಟುಕಾರರೆಂದೇ ನಾವೆಲ್ಲ ನೆನೆಯುವ ಕಿಟ್ಟೆಲ್ಲರು ೧೮೬೨ರಲ್ಲಿ 'ಕಥಾಮಾಲೆ'ಯೆಂಬ ಹೆಸರಿನಿಂದ ಯೇಸುವಿನ ಚರಿತ್ರೆಯನ್ನು ದೇಶೀಯ ಛಂದಸ್ಸಿನಲ್ಲಿ ಹಾಡಿದರು. ಆದರೆ ವಿದ್ಯಾವಂತ ಕನ್ನಡಿಗನ ಮನಸ್ಸಿನಲ್ಲಿ ಕ್ರಿಸ್ತನು ನೆಲೆಗೊಂಡದ್ದು ಬೇರೆರಡು ಹಾದಿಗಳಿಂದ. ಒಂದು, ಟಾಲ್‌ಸ್ಟಾಯ್‌ರನ್ನು ಓದಿದ ಗಾಂಧೀಜಿಯವರ ಹಾದಿ; ಮತ್ತೊಂದು, ಮಂಜೇಶ್ವರದ ಗೋವಿಂದ ಪೈಗಳ 'ಗೊಲ್ಗೊಥಾ' ಖಂಡಕಾವ್ಯದ ಹಾದಿ. ಮೊದಲನೆಯದು ಕೆನ್ನೆಯ ಉಪದೇಶವನ್ನು ಮುಂದಿಟ್ಟಿತು. ಎರಡನೆಯದು, ಅದರ ಹೆಸರೇ ಹೇಳುವಂತೆ, ಶಿಲುಬೆಯನ್ನು ನೆಟ್ಟ ಗುಡ್ಡವನ್ನು ನಮ್ಮ ಕಣ್ಣೆದುರಿಗೆ ನಿಲ್ಲಿಸಿತು. ಹೊಡೆದರೂ ಸುಮ್ಮನಿದ್ದವನು, ಕೊಂದರೂ ಕ್ಷಮಿಸಿದವನು: ಇಷ್ಟೇ ನಮ್ಮ ಕ್ರಿಸ್ತ. ಇದು ಸುಳ್ಳಲ್ಲ, ಆದರೆ ಅಪೂರ್ಣ. ಸುವಾರ್ತೆಗಳಲ್ಲಿ ಕೆನ್ನೆಯಷ್ಟೇ ಅಲ್ಲ, ಕತ್ತಿಯೂ ಇದೆ, ಚಾವಟಿಯೂ ಇದೆ, ರಾತ್ರೋರಾತ್ರಿ ತಪ್ಪಿಸಿಕೊಂಡು ಹೋಗುವುದೂ ಇದೆ. ಇವುಗಳನ್ನೆಲ್ಲ ಬಿಟ್ಟು ಒಂದು ವಾಕ್ಯವನ್ನು ಮಾತ್ರ ಧರ್ಮವೆಂದು ಎತ್ತಿ ಹಿಡಿದರೆ, ಅದರಿಂದ ಆ ಧರ್ಮಕ್ಕೂ ನ್ಯಾಯವಾಗದು, ಕಣದಲ್ಲಿ ಮಲಗುವ ರೈತನಿಗೂ ಉತ್ತರ ಸಿಗದು.

ಮೊದಲು ಆ ವಾಕ್ಯವನ್ನೇ ನೋಡೋಣ. ಮತ್ತಾಯನ ಸುವಾರ್ತೆಯ ಐದನೆಯ ಅಧ್ಯಾಯದಲ್ಲಿ, ಪರ್ವತ ಪ್ರಸಂಗದ ನಡುವೆ ಅದು ಬರುತ್ತದೆ. ಅಲ್ಲಿ ಹೇಳಿರುವುದು ಬರಿಯ ಕೆನ್ನೆಯಲ್ಲ, ಬಲಗೆನ್ನೆ. ಎದುರಿಗೆ ನಿಂತವನ ಬಲಗೆನ್ನೆಗೆ ಬಲಗೈಯಿಂದ ಹೊಡೆಯಬೇಕಾದರೆ ಹಿಂಗೈಯಿಂದಲೇ ಹೊಡೆಯಬೇಕು. ಹಿಂಗೈ ಏಟು ಕೊಲ್ಲುವುದಕ್ಕಾಗಲಿ ಗಾಯಗೊಳಿಸುವುದಕ್ಕಾಗಲಿ ಕೊಡುವ ಏಟಲ್ಲ. ಒಡೆಯನು ಆಳಿಗೆ, ಮೇಲಿನವನು ಕೆಳಗಿನವನಿಗೆ 'ನೀನೆಷ್ಟರವನು' ಎಂದು ತೋರಿಸುವ ಏಟು. ಯೆಹೂದ್ಯರ ಧರ್ಮಶಾಸ್ತ್ರವಾದ ಮಿಶ್ನಾದಲ್ಲಿ ಅಂಗೈಯಿಂದ ಕಪಾಳಕ್ಕೆ ಹೊಡೆದವನಿಗೆ ೨೦೦ ಜೂಜ್ ನಾಣ್ಯಗಳ ದಂಡ. ಹಿಂಗೈಯಿಂದ ಹೊಡೆದರೆ ೪೦೦. ನೋವು ಕಡಿಮೆ, ದಂಡ ಇಮ್ಮಡಿ. ಏಕೆಂದರೆ ಅಲ್ಲಿ ಅಳೆಯುತ್ತಿರುವುದು ಮಾನವನ್ನು. ಮಿಶ್ನಾ ಗ್ರಂಥರೂಪಕ್ಕೆ ಬಂದದ್ದು ಕ್ರಿಸ್ತನಿಗಿಂತ ಸುಮಾರು ಇನ್ನೂರು ವರ್ಷ ಈಚೆಗಾದರೂ ಆ ಸಮಾಜದ ಭಾವನೆ ಅದರಲ್ಲಿ ಕಾಣುತ್ತದೆ.

ಅದೇ ಉಪದೇಶದ ಮುಂದಿನ ಎರಡು ದೃಷ್ಟಾಂತಗಳನ್ನು ನಾವು ಸಾಮಾನ್ಯವಾಗಿ ಉದಾಹರಿಸುವುದೇ ಇಲ್ಲ. ಒಂದರಲ್ಲಿ ಸಾಲಗಾರನನ್ನು ನ್ಯಾಯಸ್ಥಾನಕ್ಕೆಳೆದು ಒಳಂಗಿಯನ್ನು ಕಿತ್ತುಕೊಳ್ಳುತ್ತಾರೆ. ಮೇಲುಹೊದಿಕೆಯನ್ನೂ ಕೊಟ್ಟುಬಿಡು ಎಂದು ಕ್ರಿಸ್ತನು ಹೇಳುತ್ತಾನೆ. ಬಡವನ ಹೊದಿಕೆಯನ್ನು ಒತ್ತೆಯಿಟ್ಟುಕೊಂಡವನು ಸೂರ್ಯ ಮುಳುಗುವುದರೊಳಗೆ ಹಿಂದಿರುಗಿಸಬೇಕೆಂದು ಮೋಶೆಯ ಶಾಸ್ತ್ರವಿದ್ದುದನ್ನು ನೆನೆದರೆ, ತಾನಾಗಿಯೇ ಹೊದಿಕೆ ಬಿಚ್ಚಿಕೊಟ್ಟು ನಿಂತ ಬಡವನ ಮುಂದೆ ಸಾಹುಕಾರನ ಗತಿಯೇನೆಂಬುದು ಊಹೆಗೆ ಬರುತ್ತದೆ. ಇನ್ನೊಂದು ದೃಷ್ಟಾಂತ ಬಿಟ್ಟಿಯದು. ರೋಮಿನ ದಂಡಾಳುಗಳು ದಾರಿಹೋಕರನ್ನು ಹಿಡಿದು ಹೊರೆ ಹೊರಿಸುತ್ತಿದ್ದರು. ಒಂದು ಮೈಲಿ ಬಿಟ್ಟಿ ಹೊರಿಸಿದವನ ಸಂಗಡ ಎರಡು ಮೈಲಿ ಹೋಗು ಎಂಬುದು ಮಾತು. ಸರಕಾರದ ಡೇರೆ ಬಂದಾಗ ಬಿಟ್ಟಿ ದುಡಿದ ನೆನಪು ಮಾಸದ ನಮ್ಮ ಹಳ್ಳಿಗಳಿಗೆ ಈ ದೃಷ್ಟಾಂತವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹೀಗೆ ಕೆನ್ನೆ, ಅಂಗಿ, ಬಿಟ್ಟಿ ಈ ಮೂರೂ ತಿರುಗಿ ಹೊಡೆಯಲು ಶಕ್ತಿಯಿಲ್ಲದವನ ಪಾಡುಗಳು. ತಿರುಗಿ ಹೊಡೆದರೆ ಆತನಿಗೆ ಉಳಿಗಾಲವಿಲ್ಲ. ಕುಗ್ಗಿ ನಿಂತರೆ ಮಾನವಿಲ್ಲ. ಈ ಎರಡರ ನಡುವೆ ಮೂರನೆಯದೊಂದು ದಾರಿಯನ್ನು ಕ್ರಿಸ್ತನು ಹೇಳುತ್ತಿದ್ದಾನೆ: ಹೊಡೆತಕ್ಕೆ ಹೆದರದೆ, ಹೊಡೆದವನಂತೆ ತಾನೂ ಆಗದೆ, ನೆಟ್ಟಗೆ ನಿಲ್ಲುವುದು. 'ಎದುರಿಸಬೇಡ' ಎಂಬರ್ಥದಲ್ಲಿ ನಾವು ಓದುವ ಮಾತಿಗೆ ಗ್ರೀಕಿನಲ್ಲಿರುವ ಕ್ರಿಯಾಪದವು ಹಳೆಯ ಒಡಂಬಡಿಕೆಯ ಗ್ರೀಕ್ ಅನುವಾದದಲ್ಲಿ ಅನೇಕ ಕಡೆ ರಣದಲ್ಲಿ ಇದಿರಾಗಿ ನಿಲ್ಲುವುದಕ್ಕೆ ಬಳಕೆಯಾಗಿದೆ. ಅಮೆರಿಕದ ವಾಲ್ಟರ್ ವಿಂಕ್ ಮೊದಲಾದ ವಿದ್ವಾಂಸರು ಇದನ್ನಾಧರಿಸಿ, ಇಲ್ಲಿ ನಿಷೇಧಿಸಿರುವುದು ಪ್ರತಿಭಟನೆಯನ್ನಲ್ಲ, ಕತ್ತಿಗೆ ಕತ್ತಿ ಎತ್ತುವುದನ್ನು ಎಂದು ವಾದಿಸಿದ್ದಾರೆ. ಶಬ್ದವೊಂದರ ಮೇಲೆ ಇಷ್ಟು ಭಾರ ಹೊರಿಸುವುದು ನಮಗೆ ಪೂರ್ತಿ ಒಪ್ಪಿಗೆಯಿಲ್ಲ. ಆದರೆ ಮೂರು ದೃಷ್ಟಾಂತಗಳ ಒಟ್ಟು ದಿಕ್ಕು ವಿಂಕರ ಕಡೆಗೇ ಇದೆ. ಅದೇನೇ ಇರಲಿ, ಕಣಕ್ಕೆ ಬಿದ್ದ ಕಳ್ಳನ ಮಾತು ಈ ಮೂರರಲ್ಲಿಯೂ ಇಲ್ಲ.

ಕಳ್ಳನ ಮಾತು ಇರುವುದು ಬೇರೆ ಕಡೆ. ವಿಮೋಚನಕಾಂಡದ ೨೨ನೆಯ ಅಧ್ಯಾಯದಲ್ಲಿ, ಕನ್ನ ಕೊರೆಯುವಾಗ ಸಿಕ್ಕಿಬಿದ್ದ ಕಳ್ಳನು ಹೊಡೆತದಿಂದ ಸತ್ತರೆ ಕೊಲೆಯ ದೋಷವಿಲ್ಲ. ಹೊತ್ತು ಮೂಡಿದ ಮೇಲೆ ಕೊಂದರೆ ದೋಷವುಂಟು ಎಂದಿದೆ. ಕತ್ತಲಲ್ಲಿ ಬಂದವನ ಉದ್ದೇಶ ಕಳವೋ ಕೊಲೆಯೋ ತಿಳಿಯದು. ಬೆಳಕಿನಲ್ಲಿ ಕೂಗಿದರೆ ಜನ ಬರುತ್ತಾರೆ. ಇದೇ ವಿವೇಕ ನಮ್ಮ ದೇಶದ ಕಾನೂನಿನಲ್ಲಿಯೂ ಇರುವುದು ಕುತೂಹಲಕರ. ೧೮೬೦ರ ದಂಡಸಂಹಿತೆಯ ೧೦೩ನೆಯ ಕಲಮು ಸ್ವತ್ತಿನ ರಕ್ಷಣೆಗಾಗಿ ಪ್ರಾಣಹಾನಿಯವರೆಗೆ ಹೋಗಬಹುದಾದ ಕೆಲವೇ ಸಂದರ್ಭಗಳಲ್ಲಿ ರಾತ್ರಿ ಕನ್ನಗಳವನ್ನು ಸೇರಿಸಿತ್ತು. ೨೦೨೪ರ ಜುಲೈ ೧ರಿಂದ ಜಾರಿಗೆ ಬಂದ ಭಾರತೀಯ ನ್ಯಾಯಸಂಹಿತೆಯ ೪೧ನೆಯ ಕಲಮು ಅದನ್ನೇ ಸೂರ್ಯಾಸ್ತದಿಂದ ಸೂರ್ಯೋದಯದವರೆಗೆ ಎಂದು ಬಿಡಿಸಿ ಹೇಳುತ್ತದೆ. ಕ್ರಿಸ್ತನು ಮೋಶೆಯ ಈ ವಿಧಿಯನ್ನು ಎತ್ತಿಹಿಡಿಯಲೂ ಇಲ್ಲ, ತಳ್ಳಿಹಾಕಲೂ ಇಲ್ಲ. ಆತನು ತಳ್ಳಿದ್ದು 'ಕಣ್ಣಿಗೆ ಕಣ್ಣು' ಎಂಬ ಮುಯ್ಯಿಯ ವಿಧಿಯನ್ನು. ಮುಯ್ಯಿ ತೀರಿಸುವುದು ಬೇರೆ, ಮೈಮೇಲೆ ಬಿದ್ದ ಏಟನ್ನು ತಡೆಯುವುದು ಬೇರೆ. ಈ ವಿವೇಚನೆಯನ್ನು ಮರೆತದ್ದರಿಂದಲೇ ಎಷ್ಟೋ ಗೊಂದಲ ಹುಟ್ಟಿದೆ.

ಕ್ರಿಸ್ತನ ನಡೆಯನ್ನು ನುಡಿಯ ಪಕ್ಕದಲ್ಲಿಟ್ಟು ನೋಡುವುದು ಇನ್ನೂ ಪ್ರಯೋಜನಕರ. ಯೋಹಾನನ ಸುವಾರ್ತೆಯ ೧೮ನೆಯ ಅಧ್ಯಾಯದಲ್ಲಿ ಮಹಾಯಾಜಕನ ಮುಂದೆ ನಿಂತ ಯೇಸುವಿನ ಕೆನ್ನೆಗೆ ಓಲೆಕಾರನೊಬ್ಬನು ಹೊಡೆಯುತ್ತಾನೆ. ಆಗ ಆತನು ಇನ್ನೊಂದು ಕೆನ್ನೆಯನ್ನು ಒಡ್ಡಲಿಲ್ಲ. ತಪ್ಪು ಮಾತಾಡಿದ್ದರೆ ತಪ್ಪನ್ನು ತೋರಿಸು, ಇಲ್ಲವಾದರೆ ಹೊಡೆದುದೇಕೆ ಎಂದು ಕೇಳಿದನು. ಹೊಡೆದವನನ್ನು ನ್ಯಾಯದ ಮುಂದೆ ನಿಲ್ಲಿಸಿದ ಆ ಒಂದು ಪ್ರಶ್ನೆಯೇ ಆತನು ಒಡ್ಡಿದ ಇನ್ನೊಂದು ಕೆನ್ನೆಯೆಂದು ಹೇಳಬಹುದು. ಪೌಲನಿಗೂ ಇಂಥದೇ ಪ್ರಸಂಗ ಬಂದಾಗ ಆತನು ಸಿಟ್ಟಿನಿಂದ ಮಹಾಯಾಜಕನನ್ನು ಸುಣ್ಣ ಬಳಿದ ಗೋಡೆಗೆ ಹೋಲಿಸಿ ಬೈದು, ಆಮೇಲೆ ಮಾತನ್ನು ಹಿಂದೆಗೆದುಕೊಂಡನೆಂದು ಅಪೊಸ್ತಲರ ಕೃತ್ಯಗಳಲ್ಲಿದೆ. ಗುರುವಿಗೂ ಶಿಷ್ಯನಿಗೂ ಇರುವ ಅಂತರವನ್ನು ಬರೆದವರು ಮುಚ್ಚಿಟ್ಟಿಲ್ಲ. ಇದು ಆ ಗ್ರಂಥದ ಒಂದು ಹಿರಿಮೆ.

ಇನ್ನು ಕತ್ತಿಯ ಮಾತು. ಕಡೆಯ ಊಟವಾದ ಮೇಲೆ, ಕತ್ತಿಯಿಲ್ಲದವನು ಮೇಲಂಗಿಯನ್ನು ಮಾರಿಯಾದರೂ ಒಂದನ್ನು ಕೊಳ್ಳಲಿ ಎಂಬರ್ಥದ ಮಾತನ್ನು ಲೂಕನು ಯೇಸುವಿನ ಬಾಯಿಂದಲೇ ಆಡಿಸಿದ್ದಾನೆ. ಶಿಷ್ಯರು ಎರಡು ಕತ್ತಿಗಳನ್ನು ತೋರಿಸುತ್ತಾರೆ, ಸಾಕು ಎನ್ನುತ್ತಾನೆ. ಹನ್ನೊಂದು ಜನಕ್ಕೆ ಎರಡು ಕತ್ತಿ 'ಸಾಕು' ಎಂದರೆ ಅದು ಯುದ್ಧಸಿದ್ಧತೆಯಲ್ಲ, ಬೇಸತ್ತ ಉದ್ಗಾರವೆಂದು ಹಲವರು ಅರ್ಥಮಾಡಿದ್ದಾರೆ. ನಮಗೂ ಹಾಗೆಯೇ ತೋರುತ್ತದೆ. ಆದರೆ ಇದೇ ಎರಡು ಕತ್ತಿಗಳಲ್ಲಿ ಒಂದು ಧರ್ಮದ್ದು, ಒಂದು ರಾಜ್ಯದ್ದು, ಎರಡೂ ಕಡೆಗೆ ತನ್ನ ಪೀಠಕ್ಕೇ ಅಧೀನ ಎಂದು ೧೩೦೨ರಲ್ಲಿ ಪೋಪ್ ಎಂಟನೆಯ ಬೋನಿಫೇಸನು ಶಾಸನ ಹೊರಡಿಸಿದನು. ಪೀಠಗಳ ಕೈಗೆ ಸಿಕ್ಕ ಗ್ರಂಥವಾಕ್ಯಗಳ ಪಾಡು ಎಲ್ಲ ಧರ್ಮಗಳಲ್ಲಿಯೂ ಒಂದೇ! ಅದೇ ರಾತ್ರಿ ಗೆತ್ಸೇಮನೆ ತೋಟದಲ್ಲಿ ಪೇತ್ರನು ಕತ್ತಿ ಹಿರಿದು ಮಲ್ಕನೆಂಬ ಆಳಿನ ಕಿವಿಯನ್ನು ಕತ್ತರಿಸಿದಾಗ ಯೇಸು ಅವನನ್ನು ತಡೆದನು. ಲೂಕನು ಹೇಳುವಂತೆ ಆ ಕಿವಿಯನ್ನು ಮುಟ್ಟಿ ವಾಸಿಮಾಡಿದನು. ಪೇತ್ರನ ಕತ್ತಿಯನ್ನು ಕೆಳಗಿಡಿಸಿದಾಗಲೇ ಎಲ್ಲ ಸೈನಿಕರ ನಡುಪಟ್ಟಿಯನ್ನೂ ಬಿಚ್ಚಿಸಿದಂತಾಯಿತೆಂದು ಮೂರನೆಯ ಶತಮಾನದ ಆದಿಯ ತೆರ್ತುಲಿಯನನ ಅಭಿಪ್ರಾಯ.

ಇಲ್ಲಿ ವೀರಶೈವ ವಾಚಕರಿಗೆ ಕಲ್ಯಾಣ ನೆನಪಾಗದಿರದು. ಹರಳಯ್ಯ ಮಧುವಯ್ಯರಿಗಾದ ಶಿಕ್ಷೆಗೆ ಮುಯ್ಯಿಯಾಗಿ ಜಗದೇವ, ಮೊಲ್ಲೆಬೊಮ್ಮಯ್ಯರು ಬಿಜ್ಜಳನನ್ನು ಇರಿದರೆಂದು ನಮ್ಮ ಪುರಾಣಗಳು ಹೇಳುತ್ತವೆ. ಜೈನರ ಕಾವ್ಯ ಬೇರೆಯೇ ಹೇಳುತ್ತದೆ. ಇತಿಹಾಸ ಹೇಗೇ ಇರಲಿ, ಕೊಲೆಯನ್ನು ನಿಷೇಧಿಸಿದ ಗುರುವಿನ ಬಳಗದಲ್ಲಿಯೇ ಕಠಾರಿ ಹೊರಬಿತ್ತೆಂಬ ಕಥೆಯನ್ನು ಪುರಾಣಗಳು ಹೆಮ್ಮೆಯಿಂದಲೇ ಹೇಳಿವೆ. ಗೆತ್ಸೇಮನೆಯ ಕಥೆಯಲ್ಲಿ ಆ ಹೆಮ್ಮೆಯಿಲ್ಲ. ಈ ವ್ಯತ್ಯಾಸವನ್ನು ನಾವು ಸಂಕೋಚವಿಲ್ಲದೆ ಒಪ್ಪಿಕೊಳ್ಳಬೇಕು.

ದೇವರೇ ಕಾಯುತ್ತಾನೆ, ನಾವೇಕೆ ಕೈಯೆತ್ತಬೇಕು ಎಂಬ ನಂಬಿಕೆಯನ್ನು ಈಗ ಪರಿಶೀಲಿಸೋಣ. ಈ ನಂಬಿಕೆಗೆ ಕ್ರೈಸ್ತರು ಸದಾ ಆಧಾರ ಮಾಡಿಕೊಳ್ಳುವುದು ೯೧ನೆಯ ಕೀರ್ತನೆಯನ್ನು. ದೇವರು ತನ್ನ ದೂತರಿಗೆ ಆಜ್ಞಾಪಿಸಿ ಭಕ್ತನ ಕಾಲು ಕಲ್ಲಿಗೆ ತಗಲದಂತೆ ಎತ್ತಿಕೊಳ್ಳುವನೆಂಬ ಭರವಸೆ ಅದರಲ್ಲಿದೆ. ಆಶ್ಚರ್ಯವೆಂದರೆ, ಸುವಾರ್ತೆಗಳಲ್ಲಿ ಈ ಭರವಸೆಯನ್ನು ಎತ್ತಿ ಹೇಳುವವನು ಸೈತಾನನು! ಯೆರೂಸಲೇಮಿನ ದೇವಾಲಯದ ಶಿಖರದ ಮೇಲೆ ಯೇಸುವನ್ನು ನಿಲ್ಲಿಸಿ, ದೂತರು ಹಿಡಿಯುತ್ತಾರಲ್ಲ, ಧುಮುಕು ಎಂದು ಆತನು ಹೇಳುತ್ತಾನೆ. ದೇವರನ್ನು ಪರೀಕ್ಷಿಸಬಾರದೆಂಬುದೇ ಯೇಸುವಿನ ಉತ್ತರ. ಶಿಖರದಿಂದ ಧುಮುಕುವುದೂ, ಮೆಟ್ಟಲಿಳಿದು ಬರಬಹುದಾದಾಗ ಇಳಿಯದೆ ದೂತರಿಗಾಗಿ ಕಾಯುವುದೂ ಒಂದೇ ಜಾತಿಯವು. ನಂಬಿಕೆಯ ಹೆಸರಿನಲ್ಲಿ ದೇವರನ್ನು ಪಂಥಕ್ಕೆ ಕರೆಯುವುದನ್ನು ಆ ಗ್ರಂಥವೇ ಸೈತಾನನ ಪಾಲಿಗೆ ಬಿಟ್ಟಿದೆ.

ಅದಕ್ಕೆ ತಕ್ಕಂತೆಯೇ ಸುವಾರ್ತೆಯ ಜನ ನಡೆದುಕೊಂಡರು. ಕಲ್ಲೆಸೆಯಲು ಬಂದವರ ಕೈಗೆ ಸಿಕ್ಕದೆ ಯೇಸು ದೇವಾಲಯದಿಂದ ಹೊರಟುಹೋದನು. ಒಂದೂರಿನಲ್ಲಿ ಹಿಂಸಿಸಿದರೆ ಇನ್ನೊಂದೂರಿಗೆ ಓಡಿರೆಂದು ಶಿಷ್ಯರಿಗೆ ಹೇಳಿದನು. ಪೌಲನನ್ನು ದಮಸ್ಕದ ಕೋಟೆಗೋಡೆಯಿಂದ ಹೆಡಿಗೆಯಲ್ಲಿ ಕೂಡಿಸಿ ಇಳಿಬಿಟ್ಟರು. ನಾಲ್ವತ್ತಕ್ಕೂ ಹೆಚ್ಚು ಜನ ಆತನನ್ನು ಕೊಲ್ಲದೆ ಅನ್ನನೀರು ಮುಟ್ಟೆವೆಂದು ಶಪಥಮಾಡಿದಾಗ ಆತನು ಪ್ರಾರ್ಥನೆಗೆ ಕೂಡಲಿಲ್ಲ. ಸಹಸ್ರಾಧಿಪತಿಗೆ ಸುದ್ದಿ ಮುಟ್ಟಿಸಿದನು. ೨೦೦ ಕಾಲಾಳು, ೭೦ ಕುದುರೆ ಸವಾರರು, ೨೦೦ ಭಲ್ಲೆಯವರ ಕಾವಲಿನಲ್ಲಿ ಆತನನ್ನು ರಾತ್ರಿಯೇ ಸಾಗಿಸಲಾಯಿತು. ಮುಂದೆ ರೋಮಿನ ಪೌರನೆಂಬ ಹಕ್ಕಿನಿಂದ ಕೈಸರನಿಗೇ ಮೊರೆಯಿಟ್ಟನು. ಆತನಿಗೆ ದೇವರಲ್ಲಿ ನಂಬಿಕೆಯಿರಲಿಲ್ಲವೆಂದು ಯಾರು ಹೇಳಬಲ್ಲರು?

ನಂಬಿಕೆಯ ನಿಜಸ್ವರೂಪ ಕಾಣಬೇಕಾದರೆ ದಾನಿಯೇಲನ ಗ್ರಂಥದ ಮೂವರು ತರುಣರನ್ನು ನೋಡಬೇಕು. ಬೆಂಕಿಯ ಕುಲುಮೆಗೆ ಎಸೆಯುವೆನೆಂದ ದೊರೆಗೆ ಅವರು ಕೊಟ್ಟ ಉತ್ತರದ ತಾತ್ಪರ್ಯವಿಷ್ಟು: ನಮ್ಮ ದೇವರು ನಮ್ಮನ್ನು ಬಿಡಿಸಬಲ್ಲನು, ಬಿಡಿಸದೆ ಹೋದರೂ ನಿನ್ನ ಮೂರ್ತಿಗೆ ಅಡ್ಡಬೀಳೆವು. 'ಬಿಡಿಸದೆ ಹೋದರೂ' ಎಂಬ ಈ ಮಾತಿನಲ್ಲಿ ವ್ಯಾಪಾರವಿಲ್ಲ. ದೇವರು ಕಾಪಾಡುತ್ತಾನೆಂಬ ಲೆಕ್ಕದ ಮೇಲೆ ಅಹಿಂಸೆಯನ್ನು ನಿಲ್ಲಿಸಿದವನು ಮೊದಲ ಏಟು ಬಿದ್ದೊಡನೆ ಅಹಿಂಸೆಯನ್ನೂ ದೇವರನ್ನೂ ಕೂಡಿಯೇ ಕೈಬಿಡುತ್ತಾನೆ.

ಇಲ್ಲಿಯವರೆಗೆ ಹೇಳಿದ್ದು ತನ್ನ ಮೇಲೆ ಬಿದ್ದ ಏಟಿನ ಮಾತು. ಪಕ್ಕದವನ ಮೇಲೆ ಬಿದ್ದರೆ? ಕ್ರೈಸ್ತವಿಚಾರ ಸೀಳಿಹೋದದ್ದು ಈ ಪ್ರಶ್ನೆಯ ಮೇಲೆಯೇ. ನಾಲ್ಕನೆಯ ಶತಮಾನದ ಮಿಲಾನಿನ ಬಿಷಪ್ ಅಂಬ್ರೋಸನು ಪುರೋಹಿತರ ಕರ್ತವ್ಯಗಳನ್ನು ಕುರಿತು ಬರೆದ ಗ್ರಂಥದಲ್ಲಿ ಎರಡು ಮಾತುಗಳಿವೆ. ಶಸ್ತ್ರಧಾರಿಯಾದ ದರೋಡೆಕೋರನು ಮೇಲೆ ಬಿದ್ದರೂ, ತನ್ನ ಜೀವವುಳಿಸಿಕೊಳ್ಳಲೆಂದು ಕ್ರೈಸ್ತನು ತಿರುಗಿ ಹೊಡೆಯಬಾರದು, ಪ್ರೀತಿಗೆ ಕಲೆ ಹತ್ತುತ್ತದೆ ಎಂಬುದು ಒಂದು. ಸಂಗಡಿಗನ ಮೇಲೆ ಬೀಳುವ ಏಟನ್ನು ತಡೆಯಬಲ್ಲವನಾಗಿದ್ದೂ ತಡೆಯದವನು ಹೊಡೆದವನಷ್ಟೇ ತಪ್ಪಿತಸ್ಥನೆಂಬುದು ಇನ್ನೊಂದು. ಅವನ ಶಿಷ್ಯಪ್ರಾಯನಾದ ಅಗಸ್ತೀನನು ಪುಬ್ಲಿಕೋಲನೆಂಬವನಿಗೆ ಬರೆದ ಪತ್ರದಲ್ಲಿ, ತಾನು ಸಾಯದಿರಲೆಂದು ಇನ್ನೊಬ್ಬನನ್ನು ಕೊಲ್ಲುವುದು ತನಗೆ ಸಮ್ಮತವಲ್ಲವೆಂದೂ, ಸೈನಿಕನು ಅಥವಾ ಅಧಿಕಾರಿಯು ಪರರಿಗಾಗಿ, ಊರಿಗಾಗಿ ಆ ಕೆಲಸ ಮಾಡಿದರೆ ಬೇರೆಯೆಂದೂ ಹೇಳಿದನು. ನಮ್ಮ ಸಾಮಾನ್ಯ ತಿಳಿವಳಿಕೆ ಇದಕ್ಕೆ ತಲೆಕೆಳಗು: ಆತ್ಮರಕ್ಷಣೆ ಎಲ್ಲರ ಹಕ್ಕು, ಪರರಿಗಾಗಿ ಜಗಳಕ್ಕೆ ಹೋಗುವುದು ಉಸಾಬರಿ ಎನ್ನುವವರು ನಾವು.

ಆದರೆ ನಮ್ಮ ನೆಲದ ಕಲ್ಲುಗಳು ಅಂಬ್ರೋಸನ ಪಕ್ಷದಲ್ಲಿವೆ. ಹಾವೇರಿಯ ಸಿದ್ಧೇಶ್ವರ ದೇವಾಲಯದ ಆವರಣದಲ್ಲಿ ನಿಂತ ವೀರಗಲ್ಲುಗಳನ್ನು ಗಮನವಿಟ್ಟು ನೋಡಬೇಕು. ನಮ್ಮ ಸೀಮೆಯ ವೀರಗಲ್ಲುಗಳು ಕೊಂಡಾಡುವುದು ತುರುಗೊಳ್‌ನಲ್ಲಿ ದನ ಬಿಡಿಸಿದವನನ್ನು, ಪೆಣ್ಬುಯ್ಯಲ್‌ನಲ್ಲಿ ಹೆಂಗಸರ ಮಾನ ಕಾದವನನ್ನು, ಊರಳಿವಿನಲ್ಲಿ ಊರ ಬಾಗಿಲಿಗೆ ನಿಂತವನನ್ನು. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ಅಪ್ಸರೆಯರು, ಮೇಲೆ ಲಿಂಗದ ಸನ್ನಿಧಿಯಲ್ಲಿ ಕುಳಿತ ವೀರ, ಅದರ ಮೇಲೆ ಸೂರ್ಯಚಂದ್ರರು. ತನ್ನ ಜೀವವುಳಿಸಿಕೊಂಡವನಿಗೆ ಯಾರೂ ಕಲ್ಲು ನೆಡಿಸಲಿಲ್ಲ. ಆದರೂ ಈ ಹೋಲಿಕೆಯನ್ನು ಬಹಳ ದೂರ ಎಳೆಯಲಾಗದು. ದನ ಹೊಡೆಯಲು ಹೋದವನೂ ಒಡೆಯನ ಅಪ್ಪಣೆಯಿಂದ ಸತ್ತರೆ ಅವನ ಊರಲ್ಲಿ ಅವನೂ ವೀರನೇ. ಅಗಸ್ತೀನನ ತತ್ತ್ವಕ್ಕೂ ಇದೇ ಗತಿಯಾಯಿತು. ಪರರಿಗಾಗಿ ಎಂದು ತೆರೆದ ಬಾಗಿಲಿನಿಂದ ರಾಜರ ದಂಡುಗಳು ನುಗ್ಗಿದವು. ೧೦೯೫ರಲ್ಲಿ ಧರ್ಮಯುದ್ಧದ ಕರೆ ಹೊರಟಾಗ ಶಿಲುಬೆ ಅಂಗಿಯ ಮೇಲಿನ ಲಾಂಛನವಾಯಿತು. ಹದಿಮೂರನೆಯ ಶತಮಾನದ ಥಾಮಸ್ ಅಕ್ವೀನಾಸನು ಹೆಚ್ಚು ಲೌಕಿಕ ವಿವೇಕಿ. ಒಂದೇ ಕ್ರಿಯೆಗೆ ಎರಡು ಫಲವಿರಬಹುದು. ಜೀವವುಳಿಸಿಕೊಳ್ಳುವುದು ಉದ್ದೇಶ, ಎದುರಾಳಿಯ ಸಾವು ಉದ್ದೇಶದ ಹೊರಗಿನದು. ಆದರೆ ಬಲ ಅಗತ್ಯಕ್ಕೆ ಮೀರಬಾರದು ಎಂದನು. ಇದರಿಂದ ಸಾಮಾನ್ಯನಿಗೆ ಆತ್ಮರಕ್ಷಣೆ ದೊರೆಯಿತು, ಸುವಾರ್ತೆಯ ಕಾವು ಮಾತ್ರ ಆರಿತು.

ಆ ಕಾವನ್ನು ಉಳಿಸಿಕೊಂಡವರು ಆನಾಬಾಪ್ಟಿಸ್ಟರು. ೧೫೬೯ರಲ್ಲಿ ಹಾಲೆಂಡಿನಲ್ಲಿ ಡಿರ್ಕ್ ವಿಲ್ಲೆಮ್ಸ್ ಎಂಬ ಬಡಪಾಯಿ ಸೆರೆಯಿಂದ ತಪ್ಪಿಸಿಕೊಂಡು ಹೆಪ್ಪುಗಟ್ಟಿದ ನೀರಿನ ಮೇಲೆ ಓಡುತ್ತಿದ್ದಾಗ, ಬೆನ್ನಟ್ಟಿದವನು ಮಂಜುಗಡ್ಡೆ ಒಡೆದು ಮುಳುಗತೊಡಗಿದನು. ವಿಲ್ಲೆಮ್ಸನು ಹಿಂದಿರುಗಿ ಅವನನ್ನು ಎಳೆದುಕೊಂಡನು, ಹಿಡಿಯಲ್ಪಟ್ಟನು, ಅದೇ ವರ್ಷದ ಮೇ ೧೬ರಂದು ಸುಡಲ್ಪಟ್ಟನು. ಅಂಬ್ರೋಸನ ಗ್ರಂಥಕ್ಕಿಂತಲೂ ಈ ಒಂದು ಹಿಂದಿರುಗುವಿಕೆ ದೊಡ್ಡದು. ಟಾಲ್‌ಸ್ಟಾಯ್‌ರು ತರ್ಕವನ್ನು ಇನ್ನೂ ಮುಂದಕ್ಕೊಯ್ದರು. ಮಗುವನ್ನು ಕೊಲ್ಲಹೊರಟ ದರೋಡೆಕೋರನನ್ನು ಕೊಲ್ಲಬಹುದೇ ಎಂದು ಕೇಳಿದವರಿಗೆ, ಅವನು ಕೊಂದೇ ಕೊಲ್ಲುವನೆಂಬುದು ನಿಮ್ಮ ಊಹೆ, ನೀವು ಕೊಲ್ಲುವುದು ಮಾತ್ರ ನಿಶ್ಚಯ ಎಂದು ಅವರು ಉತ್ತರಿಸಿದರು. ತರ್ಕ ಗಟ್ಟಿಯಾಗಿದೆ, ಆದರೆ ಮಗುವಿನ ತಾಯಿಗೆ ಇದನ್ನು ಹೇಳುವ ಧೈರ್ಯ ನಮಗಿಲ್ಲ. ತಾನು ನಡುವೆ ಬಿದ್ದು ಏಟನ್ನು ತನ್ನ ಮೈಮೇಲೆ ತೆಗೆದುಕೊಳ್ಳುವವನಿಗೆ ಮಾತ್ರ ಆ ತರ್ಕವನ್ನು ಆಡುವ ಅಧಿಕಾರವುಂಟು. ಗಾಂಧೀಜಿ ಇದನ್ನು ಬಲ್ಲವರಾಗಿದ್ದರು. ಹೇಡಿತನ, ಹಿಂಸೆ ಎರಡೇ ದಾರಿಗಳಿದ್ದರೆ ಹಿಂಸೆಯನ್ನೇ ಹೇಳುವೆನೆಂದು ೧೯೨೦ರಲ್ಲಿಯೇ ಅವರು ಬರೆದರು.

ಪರ್ವತ ಪ್ರಸಂಗದ ಮಾತು ರಷ್ಯ, ದಕ್ಷಿಣ ಆಫ್ರಿಕ, ಸಾಬರಮತಿಗಳನ್ನು ಹಾದು ನಮ್ಮ ಸೀಮೆಗೇ ಬಂದು ಮುಟ್ಟಿದ ಕಥೆಯನ್ನು ಇಲ್ಲಿ ಹೇಳಲೇಬೇಕು. ಬ್ಯಾಡಗಿ ತಾಲೂಕಿನ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪನವರು ೧೯೩೦ರಲ್ಲಿ, ಹತ್ತೊಂಬತ್ತು ತುಂಬದ ವಯಸ್ಸಿನಲ್ಲಿ, ದಂಡಿಯಾತ್ರೆಯಲ್ಲಿ ಗಾಂಧೀಜಿಯವರೊಡನೆ ನಡೆದರು. ಹದಿಮೂರು ವರ್ಷಗಳ ತರುವಾಯ, ೧೯೪೩ರ ಏಪ್ರಿಲ್ ೧ರಂದು, ಹೊಸರಿತ್ತಿಯಲ್ಲಿ ವೀರಭದ್ರ ದೇವಾಲಯದಲ್ಲಿ ಸರಕಾರವು ಇಟ್ಟಿದ್ದ ಕಂದಾಯದ ಹಣದ ಮೇಲೆ ನಡೆಸಿದ ದಾಳಿಯಲ್ಲಿ ಅವರೂ, ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ಇವರೂ ಪೋಲೀಸರ ಗುಂಡಿಗೆ ಬಲಿಯಾದರು. ಕರ್ಜಗಿಗೂ ಹೊಸರಿತ್ತಿಗೂ ನೀರು ವರದೆಯದೇ. ಹಿರಿಯರ ಬಾಯಲ್ಲಿ ಆ ಕಥೆ ಇನ್ನೂ ಇದೆ. ಸರಕಾರದ ಸ್ವತ್ತನ್ನು ಕಸಿಯುವುದು, ಚಾವಡಿಯ ದಫ್ತರ ಸುಡುವುದು ಅಹಿಂಸೆಯೇ? ೧೯೪೪ರಲ್ಲಿ ಬಿಡುಗಡೆಯಾದ ಮೇಲೆ ಗಾಂಧೀಜಿ ಇಂಥ ವಿಧ್ವಂಸವನ್ನೂ ಗುಪ್ತಕಾರ್ಯವನ್ನೂ ಒಪ್ಪಲಿಲ್ಲ. ಆದರೆ ಸುವಾರ್ತೆಯಲ್ಲಿ ಇದಕ್ಕೆ ಹೋಲುವ ಪ್ರಸಂಗವೊಂದು ಉಂಟು. ದೇವಾಲಯದೊಳಗೆ ನಾಣ್ಯ ವಿನಿಮಯ ಮಾಡುತ್ತಿದ್ದವರ ಮಣೆಗಳನ್ನು ಯೇಸು ಕೆಡವಿದನು, ಹಗ್ಗದ ಚಾವಟಿ ಮಾಡಿಕೊಂಡನು. ಚಾವಟಿ ಬೀಸಿದ್ದು ದನಕುರಿಗಳ ಮೇಲೋ ಮನುಷ್ಯರ ಮೇಲೂನೋ ಯೋಹಾನನ ಗ್ರೀಕ್ ವಾಕ್ಯದಿಂದ ನಿರ್ಣಯವಾಗದು. ಯಾರ ಮೈಗೂ ಗಾಯವಾದ ಮಾತಿಲ್ಲ. ಹಣ ಮಾತ್ರ ನೆಲದ ಪಾಲಾಯಿತು. ಕೆನ್ನೆಯ ಕ್ರಿಸ್ತನನ್ನು ಮಾತ್ರ ಬಲ್ಲವರು ಹೊಸರಿತ್ತಿಯ ಮೂವರನ್ನು ತಪ್ಪಿತಸ್ಥರೆಂದಾರು. ಚಾವಟಿಯ ಕ್ರಿಸ್ತನನ್ನೂ ಬಲ್ಲವರಿಗೆ ಅಷ್ಟು ಸುಲಭವಾಗಿ ತೀರ್ಪು ಹೇಳಲಾಗದು.

ಈ ಉಪದೇಶವನ್ನು ತಂದವರಿಗೇ ಅದು ಪರೀಕ್ಷೆಯಾದ ಪ್ರಸಂಗಗಳೂ ಉಂಟು. ಧಾರವಾಡ, ಹುಬ್ಬಳ್ಳಿ, ಬೆಟಗೇರಿಗಳಲ್ಲಿ ೧೮೩೭ರಿಂದ ನೆಲೆಯೂರಿದ ಬಾಸೆಲ್ ಮಿಷನ್ನಿನ ಜರ್ಮನ್ ಪಾದ್ರಿಗಳನ್ನು ೧೯೧೪ರ ಮಹಾಯುದ್ಧದಲ್ಲಿ ಶತ್ರುದೇಶದವರೆಂದು ಸೆರೆಯಲ್ಲಿರಿಸಿ ಅನಂತರ ತಾಯ್ನಾಡಿಗೆ ಸಾಗಹಾಕಿದ್ದು ಅದೇ ಸುವಾರ್ತೆಯನ್ನೋದುವ ಇಂಗ್ಲೀಷರ ಸರಕಾರ. ಶತ್ರುವನ್ನು ಪ್ರೀತಿಸೆಂಬ ವಾಕ್ಯ ಎರಡು ಪಕ್ಷದವರ ಗ್ರಂಥದಲ್ಲಿಯೂ ಇತ್ತು. ಇನ್ನು ೧೯೯೯ರ ಜನವರಿಯಲ್ಲಿ ಒಡಿಶಾದ ಮನೋಹರಪುರದಲ್ಲಿ ಗ್ರಹಾಂ ಸ್ಟೇನ್ಸ್‌ರನ್ನೂ ಅವರ ಇಬ್ಬರು ಎಳೆಯ ಮಕ್ಕಳನ್ನೂ ವಾಹನದೊಳಗೇ ಸುಟ್ಟಾಗ, ಪತ್ನಿ ಗ್ಲಾಡಿಸ್ ಸ್ಟೇನ್ಸ್ ಕೊಂದವರನ್ನು ಕ್ಷಮಿಸಿದೆನೆಂದರು. ಬಾರಿಪದದ ಕುಷ್ಠರೋಗಿಗಳ ಸೇವೆಯನ್ನು ಬಿಡದೆ ಇನ್ನೂ ಕೆಲವು ವರ್ಷ ಅಲ್ಲಿಯೇ ಮುಂದುವರಿಸಿದರು. ಅವರು ಕ್ಷಮಿಸಿದರೆಂದು ವಿಚಾರಣೆ ನಿಲ್ಲಲಿಲ್ಲ, ನಿಲ್ಲಬೇಕಾಗಿಯೂ ಇರಲಿಲ್ಲ. ೨೦೦೮ರ ಸೆಪ್ಟೆಂಬರ್ ೧೪ರಂದು ಮಂಗಳೂರಿನಲ್ಲಿ ಪ್ರಾರ್ಥನಾಲಯಗಳ ಮೇಲೆ ದಾಳಿಯಾದಾಗ ನಮ್ಮ ನಾಡಿನ ಕ್ರೈಸ್ತರ ಮುಂದೆಯೂ ಇದೇ ಪ್ರಶ್ನೆ ಬಂದು ನಿಂತಿತು. ಕೆಲವೆಡೆ ಸಿಟ್ಟಿಗೆದ್ದ ಯುವಕರ ಕೈಗೆ ಕಲ್ಲು ಬಂದದ್ದುಂಟು. ಗುರುಗಳು ಶಾಂತಿ ಹೇಳಿದ್ದೂ ಉಂಟು. ಸರಕಾರ ನೇಮಿಸಿದ ನ್ಯಾಯ. ಬಿ. ಕೆ. ಸೋಮಶೇಖರ ಆಯೋಗದ ಮುಂದೆ ಜನ ಹೋಗಿ ಸಾಕ್ಷಿ ಹೇಳಿದರು. ೨೦೧೧ರಲ್ಲಿ ಅದರ ವರದಿ ಬಂದಿತು. ವರದಿಯ ನಿರ್ಣಯಗಳು ಎಲ್ಲರಿಗೂ ಒಪ್ಪಿಗೆಯಾಗಲಿಲ್ಲವೆಂಬುದು ಬೇರೆ ಮಾತು. ಹೊಡೆದುದೇಕೆಂದು ನ್ಯಾಯಾಸನದ ಮುಂದೆ ಕೇಳುವುದು ಕೆನ್ನೆಯ ಉಪದೇಶಕ್ಕೆ ವಿರುದ್ಧವಲ್ಲವೆಂಬುದಕ್ಕೆ ಮಹಾಯಾಜಕನ ಅಂಗಳದ ಪ್ರಸಂಗವೇ ಸಾಕ್ಷಿ.

ಮುಂದಿನ ಸೋಮವಾರ ಆ ತರುಣನು ಮತ್ತೆ ಪ್ರವಚನಕ್ಕೆ ಬಂದಿದ್ದನು. ಇದಿಷ್ಟನ್ನು ಆತನಿಗೆ ತಿಳಿಯುವಂತೆ ಹೇಳಿದೆವು: ಕೆನ್ನೆಯ ಮಾತು ಕಣದ ಕಳ್ಳನಿಗೆ ಹೇಳಿದ್ದಲ್ಲ, ಕೂಗಿ ಜನರನ್ನು ಕರೆಯಬಹುದು, ಕೈ ಹಿಡಿಯಬಹುದು, ಠಾಣೆಗೆ ಒಪ್ಪಿಸಬಹುದು, ಹಿಡಿದು ಕಟ್ಟಿದ ಮೇಲೆ ಬಡಿಯುವುದು ಮಾತ್ರ ಮುಯ್ಯಿ, ಅದನ್ನು ಆ ಗುರು ಒಪ್ಪನು. ಆತನು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮ ಕಣದಾಗ ಅಲ್ರೀ ಬುದ್ಧೀ, ಬಾಜೂ ಕಣದ ಮುದುಕಿ ಒಬ್ಬಾಕಿ ಮಲಗಿರತಾಳ. ಆಕೀ ಕಣಕ್ಕ ಬಿದ್ದರ?" ಎಂದನು. ಯೋಹಾನನ ಹತ್ತನೆಯ ಅಧ್ಯಾಯದ ಕುರುಬನ ಕಥೆಯನ್ನು ಹೇಳಿದೆವು. ತೋಳ ಬಂದಾಗ ಕೂಲಿಯವನು ಕುರಿಗಳನ್ನು ಬಿಟ್ಟು ಓಡುತ್ತಾನೆ. ಒಳ್ಳೆಯ ಕುರುಬನು ಓಡುವುದಿಲ್ಲ, ಕುರಿಗಳಿಗಾಗಿ ಪ್ರಾಣ ಕೊಡುತ್ತಾನೆ. "ಅವನ ಕೈಯಾಗ ಬಡಿಗಿ ಇತ್ತೇನ್ರಿ?" ಎಂದು ಆತನು ಕೇಳಿದನು. ಅದನ್ನು ಯೋಹಾನನು ಬರೆದಿಲ್ಲ.